ಕುರಿಮರಿಗೂ ಔಷಧಿ ಒಯ್ದ ನಮ್ಮ ಪಾಲಯ್ಯ

ಪಾಲಯ್ಯ ಇಲ್ಲವಂತೆ…
ಬರೆದು ನೋಡಿದರೂ ನಂಬಲು ಆಗುತ್ತಿಲ್ಲ.

ಬೆಳಿಗ್ಗೆ ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಮುಂದೆ ಕೂತಿದ್ದೆ. ಹಳೆಯ ಸಹೋದ್ಯೋಗಿಯೊಬ್ಬರ ಫೋನ್.
ಎದೆನೋವು ಅಂದನಂತೆ… ಮೊಳಕಾಲ್ಮೂರಿನಿಂದ ಚಳ್ಳಕೆರೆ ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದಿತ್ತಂತೆ.
ಸರಿ ಅಂದೆ. ಫೋನ್ ಇಟ್ಟೆ.
ಅರ್ಧ ನೋಡಿದ್ದ ಸ್ಲೈಡನ್ನು ಪೂರ್ತಿ ನೋಡಿದೆ. ನೆಗೆಟಿವ್ ಅಂತ ಬರೆದೆ. ಕೈ ತೊಳೆದುಕೊಂಡೆ.
ಆಮೇಲೆ ಏನು ಮಾಡಬೇಕು ಅಂತ ತೋಚಲಿಲ್ಲ…
ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಇಲ್ಲಿರುವ ನನ್ನ ಗೆಳೆಯರಲ್ಲಿ ಹೆಚ್ಚಿನವರಿಗೆ ಅವನು ಗೊತ್ತಿಲ್ಲ.
ಕೆಲವು ವರ್ಷಗಳ ಹಿಂದೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ಹೊರದೇಶದ ಗ್ರಾಂಟ್‌ನಲ್ಲಿ ಒಂದು ಟಿಬಿ ಪ್ರಾಜೆಕ್ಟ್ ಬಂದಿತ್ತು. ಕುರಿ ಹಿಂದೆ ಊರೂರು ಅಲೆಯುವವರಲ್ಲಿ ಕ್ಷಯ ಇರುವವರನ್ನು ಹುಡುಕಬೇಕು, ಅವರು ಇದ್ದಲ್ಲಿಗೇ ಮಾತ್ರೆ ಮುಟ್ಟಿಸಬೇಕು. ಏನಾದರೂ ಹೊಸ ರೀತಿಯಲ್ಲಿ ಮಾಡಿ ತೋರಿಸಿದರೆ ಮಾತ್ರ ಗ್ರಾಂಟ್ ಮುಂದುವರಿಯುತ್ತದೆ ಅಂತ ಷರತ್ತು.
ನಾನು ಕಫ ಪರೀಕ್ಷೆ ಮಾಡುವವಳು. ಪಾಲಯ್ಯ ಬೈಕಿನಲ್ಲಿ ಕಫದ ಡಬ್ಬಿ ತರುವವನು.
ಕೊಂಡ್ಲಹಳ್ಳಿಯವನು, ಬಿ.ಎ. ಓದಿದವನು, ಬಾಯಿ ತೆರೆದರೆ ಬಡಾಯಿ… ತನ್ನ ಬೈಕಿನ ಸದ್ದು ಕೇಳಿದರೆ ಕುರಿಗಳು ಎದ್ದು ನಿಲ್ಲುತ್ತವೆ ಅನ್ನುತ್ತಿದ್ದ. ಮೀಟಿಂಗಿಗೆ ಯಾವಾಗಲೂ ಲೇಟು, ಊಟಕ್ಕೆ ಮಾತ್ರ ಎಲ್ಲರಿಗಿಂತ ಮುಂಚೆ.

ನಮ್ಮ ಪೋಸ್ಟರ್‌ನಲ್ಲಿ ‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ’ ಎಂದಿತ್ತು.
ಕುರಿ ಕಾಯುವವರಿಗೆ ವಾರದ ಲೆಕ್ಕ ಎಲ್ಲಿಯದು… “ಇರ್ಬೋದು” ಅನ್ನುತ್ತಿದ್ದರು, ಅಷ್ಟೆ.
ಪಾಲಯ್ಯನೂ ತಿಂಗಳುಗಟ್ಟಲೆ ಹಾಗೇ ಕೇಳಿ ಸುಸ್ತಾಗಿ, ಒಂದು ದಿನ ಹಟ್ಟಿಯಲ್ಲಿ ಸುಮ್ಮನೆ ಬಾಯಿಗೆ ಬಂದಂತೆ ಕೇಳಿದ.
“ಅಮಾಸಿಗೆ ಹಿಡ್ದ ಕೆಮ್ಮು ಹುಣ್ಣಿಮೆಗೂ ನಿಂತಿಲ್ವೇನಪ್ಪ?”
ಅಲ್ಲಲ್ಲಿ ಕೈ ಎದ್ದವು. ಅವನೇ ಬೆಚ್ಚಿಬಿದ್ದ.
ಅಂದಿನಿಂದ ನಮ್ಮೆಲ್ಲರ ಪ್ರಶ್ನೆ ಅದೇ ಆಯಿತು. ನನ್ನ ಬಾಯಿಗೂ ಅಂಟಿಕೊಂಡಿತು.

ಹಾಗೆ ಸಿಕ್ಕವನು ಚಿಕ್ಕಣ್ಣ. ದೇವಸಮುದ್ರದ ಕಡೆಯ ಕುರಿಗಾಹಿ. ಕೆಮ್ಮಿದರೆ ರಕ್ತ, ಮನೆಯಲ್ಲಿ ಬಸುರಿ ಹೆಂಡತಿ.
ಮಾತ್ರೆ ಶುರು ಮಾಡಿದೆವು. ಮಾತ್ರೆ ಡಬ್ಬಿಯ ಸಮೇತ ಅವನ ಮಂದೆ ಆಂಧ್ರದ ರಾಯದುರ್ಗದ ಆಚೆ ಹೋಯಿತು.
ಮುಂದಿನ ಪರೀಕ್ಷೆಯಲ್ಲಿ ನನ್ನ ಸ್ಲೈಡ್‌ನಲ್ಲಿ ಮತ್ತೆ ಅವೇ ಕೆಂಪು ಕಡ್ಡಿಗಳು, ಕ್ಷಯದ ರೋಗಾಣುಗಳು…
ಈ ಮಾತ್ರೆಗೆ ಜಗ್ಗದ ಟಿಬಿ ಇರಬಹುದು ಅಂದರು ಡಾಕ್ಟರ್. ಹಾಗಿದ್ದರೆ ಆಗ ನಮ್ಮ ಹತ್ತಿರ ಬೇರೆ ಮದ್ದಿರಲಿಲ್ಲ. ಅವನು ಉಳಿಯುವುದಿಲ್ಲ ಅಂತಲೇ ಅರ್ಥ.

ಪಾಲಯ್ಯ ಬೈಕ್ ಹತ್ತಿದ. ತೆಲುಗಿನಲ್ಲಿ ದಾರಿ ಕೇಳುತ್ತಾ ಮಂದೆ ಹುಡುಕಿದ. ವಾಪಸ್ ಬಂದು ನನ್ನ ಮುಂದೆ ಕುಸಿದು ಕೂತ.
“ಅಕ್ಕ, ಮರಿಗೆ ಹಾಕವ್ನೆ.”
“ಏನನ್ನ?”
“ಮಾತ್ರೇನ. ಟಗರುಮರಿನೂ ಕೆಮ್ತೈತಂತೆ. ಒಂದಿನದ್ದು ಇವ್ನು ನುಂಗೋದು, ಒಂದಿನದ್ದು ಅದ್ಕೆ ಹಾಕೋದು. ಲೇ, ನಿನ್ ಹೆಂಡ್ತಿ ಬಸ್ರಿ ಕಣಲೇ ಅಂದ್ರೆ, ಇದ್ನೂ ನಾನೇ ಸಾಕಿದ್ದಲ್ವಾಣ್ಣ ಅಂತಾನೆ.”
“ಬೈದ್ಯಾ?”
“ಬೈದೆ. ಬೈದ್ರೇನ್ ಬಂತು… ಮರಿ ಕೆಮ್ಮು ನಿಲ್ದೆ ಇವ್ನು ಪೂರ್ತಿ ನುಂಗಲ್ಲ. ನಾಳೆ ದನದ ಡಾಕ್ಟ್ರತ್ರ ಹೋಗ್ತೀನಿ.”

ಹೋದ. ಒಂದು ಜೇಬಿನಲ್ಲಿ ಕುರಿಯ ಔಷಧಿ, ಬ್ಯಾಗಿನಲ್ಲಿ ಚಿಕ್ಕಣ್ಣನ ಹೊಸ ಡಬ್ಬಿ. ಮಾತ್ರೆ ಮತ್ತೆ ಮೊದಲಿನಿಂದ ಶುರುವಾಯಿತು.

ಪಾಲಯ್ಯ…
ಗ್ರಾಂಟ್ ಕೊಟ್ಟವರು ನೋಡಲು ಬಂದ ದಿನ ನೆನಪಿದೆಯಾ?
ನಿಮ್ಮ ಇನ್ನೋವೇಶನ್ ಏನು ಅಂತ ಆ ವಿದೇಶಿ ಮೇಡಂ ಕೇಳಿದರು. ನಾವೆಲ್ಲ ಗೋಡೆಯ ಚಾರ್ಟ್ ಕಡೆ ತಿರುಗಿದೆವು. ನೀನು “ಕುರಿಗೂ ಔಷಧಿ ಒಯ್ಯೋದು ಮೇಡಂ” ಅಂದುಬಿಟ್ಟೆ.
ನಮ್ಮ ಕೋಆರ್ಡಿನೇಟರ್ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.
ಮೇಡಂ ನಗಲಿಲ್ಲ. ನೋಡಬೇಕು ಅಂದರು.
ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಮಂದೆ ನಿಂತಿತ್ತು. ಚಿಕ್ಕಣ್ಣ ಬಲಿತ ಟಗರನ್ನು ಕೊಂಬು ಹಿಡಿದು ಎಳೆದು ತಂದು ತೋರಿಸಿದ. ಅವನ ನೆಗೆಟಿವ್ ರಿಪೋರ್ಟನ್ನು ನೀನು ತೋರಿಸಿದೆ…

ಆದರೂ ಗ್ರಾಂಟ್ ಮುಗಿಯಿತು. ಬೋರ್ಡ್ ಇಳಿಸಿದರು.
ನಾನು ಬೇರೆ ಊರಿನ ಲ್ಯಾಬ್ ಸೇರಿದೆ. ನೀನು ಮೊಳಕಾಲ್ಮೂರಿನಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೂತೆ.
ಕೆಮ್ಮುವ ಗಿರಾಕಿ ಬಂದರೆ ಯೂರಿಯಾ ಆಮೇಲೆ, ಮೊದಲು ಅಮಾವಾಸ್ಯೆ ಹುಣ್ಣಿಮೆಯ ವಿಚಾರಣೆಯಂತೆ.
ಮೊನ್ನೆ ಕೂಡ ಫೋನ್ ಮಾಡಿ, “ಒಬ್ಬನ್ನ ಕಳಿಸ್ತೀನಕ್ಕ, ನೋಡು” ಅಂದೆ.
ನಿನ್ನ ಎದೆಯ ಮಾತು ಎತ್ತಲೇ ಇಲ್ಲ. ಊರಿನವರ ಎದೆಯೆಲ್ಲ ವಿಚಾರಿಸುತ್ತಿದ್ದವನು… ಅದೊಂದಕ್ಕೆ ನಿನ್ನ ಮೇಲೆ ಸಿಟ್ಟು ಬರುತ್ತಿದೆ. ಬೇರೆ ಏನೂ ಬರುತ್ತಿಲ್ಲ.

ಈಗ ಸ್ವಲ್ಪ ಮುಂಚೆ ಚಿಕ್ಕಣ್ಣನ ಫೋನ್.
ನಿನ್ನ ಮನೆ ಮುಂದೆ ಕೂತಿದ್ದಾನಂತೆ. ಮಗಳನ್ನೂ ಕರೆದುಕೊಂಡು ಬಂದಿದ್ದಾನಂತೆ. ಸಂಜೆಗೆ ಮಣ್ಣು, “ಬರ್ತೀರೇನಕ್ಕ?” ಅಂದ.
ಮಾತಿನ ಮಧ್ಯೆ ಉಸಿರು ತಡೆತಡೆದು ಬರುತ್ತಿತ್ತು… ಗಂಟಲಿನಿಂದ ಅದೇ ಹಳೆಯ ಸದ್ದು.
ಬಾಯಿಗೆ ನಿನ್ನ ಪ್ರಶ್ನೆಯೇ ಬಂತು.
“ಅಮಾಸಿಯಿಂದ ಐತೇನಪ್ಪ ಕೆಮ್ಮು?”
“ಕೆಮ್ಮಲ್ಲಕ್ಕ… ಅಳ್ತಿದೀನಿ.”

ಬಸ್ಸಿಗೆ ಹೊರಡುತ್ತಿದ್ದೇನೆ ಪಾಲಯ್ಯ…
ಮಂದೆಯ ಹಿಂದೆ ಊರೂರು ಅಲೆದ ನಿನ್ನ ಜೀವಕ್ಕೆ ಇನ್ನು ನೆಮ್ಮದಿ ಸಿಗಲಿ.
ಹೋಗಿ ಬಾ.