ಅಗುಳು ಬಿಡದವಳು

ಜ್ವರದಲ್ಲಿದ್ದ ಮಗಳು ತಟ್ಟೆಯಲ್ಲಿ ಬಿಟ್ಟ ತಿಳಿಸಾರು ಅನ್ನವನ್ನು ನಮ್ಮ ಯಜಮಾನರು ತಿಂದು, ‘ನಿನ್ನ ಎಂಜಲು ನಂಗೇನ್ ಮಾಡುತ್ತೆ ಮಾರಾಯ್ತಿ’ ಎಂದು ನಕ್ಕು ಮಾಚೇನಹಳ್ಳಿಯ ಕಾರ್ಖಾನೆಗೆ ಹೋದರು. ಮನೆ ಚೆನ್ನಾಗಿದ್ದದ್ದು ಅವತ್ತೇ ಕೊನೆ. ಆಮೇಲೆ ಅವರಿಗೂ ಅದೇ ಜ್ವರ ಬಂತು, ಎದೆಗೆ ಇಳಿಯಿತು, ಅವರು ಉಳಿಯಲಿಲ್ಲ. ಮಗಳು ಅಕ್ಷರಾ ಈಗಲೂ ಹೊಸಮನೆ ಬಡಾವಣೆಯ ನಮ್ಮ ಮನೆಯಿಂದಲೇ ಕಾಲೇಜಿಗೆ ಹೋಗುತ್ತಾಳೆ. ಮಳೆ ಹಿಡಿಯುವ ಮೊದಲೇ ಫ್ಲೂ ಇಂಜೆಕ್ಷನ್ ತೆಗೆದುಕೊಂಡಳು, ನನಗೂ ಹಾಕಿಸಿದಳು. ಸಿಟಿ ಬಸ್ಸಿನಲ್ಲಿ ಯಾರಾದರೂ ಸೀನಿದರೆ ಇಳಿದು ನಡೆದೇ ಬರುತ್ತಾಳೆ. ಚಿಲಕ, ಮೊಬೈಲು, ಪೆನ್ನು ಎಲ್ಲ ಒರೆಸುತ್ತಾಳೆ. ಕೈ ತೊಳೆದೂ ತೊಳೆದೂ ಬೆರಳು ಬಿರಿದಿವೆ. ಗೆಳತಿ ಸುಶ್ಮಿತಾ, ‘ಫೋನಲ್ಲಿ ಮಾತಾಡೋಕೂ ಮಾಸ್ಕ್ ಹಾಕ್ತೀಯಲ್ಲೇ’ ಎಂದು ಆಡಿಕೊಂಡರೆ, ‘ನೀನು ಕೆಮ್ಮೋದು ಇಲ್ಲಿವರೆಗೂ ಬರುತ್ತೆ ಕಣೆ’ ಅನ್ನುತ್ತಾಳೆ. ಕೇಳಿ ನಾನೂ ನಗುತ್ತಿದ್ದೆ. ಒಂದು ದಿನ ನೋಡಿದೆ, ಹೊಟ್ಟೆ ತುಂಬಿ ವಾಕರಿಕೆ ಬಂದರೂ ಅವಳು ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲ. ‘ಸಾಕಾದ್ರೆ ಬಿಡು, ನಾನು ತಿಂತೀನಿ’ ಅಂದೆ. ಅವಳು ತಟ್ಟೆಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. ‘ಬೇಡಮ್ಮ, ನೀನಾದ್ರೂ ಇರು’ ಅಂದಳು. ಅವತ್ತಿನಿಂದ ನನ್ನ ಹತ್ತಿರ ಕೂರುವುದಿಲ್ಲ, ಜಡೆಯನ್ನೂ ಹಾಕಿಸಿಕೊಳ್ಳುವುದಿಲ್ಲ. ನಿನ್ನಿಂದ ಆದದ್ದಲ್ಲ ಎಂದು ಎಷ್ಟು ಹೇಳಿದರೂ ಅವಳ ಕಿವಿಗೆ ಹೋಗುವುದಿಲ್ಲ. ದಿನಾ ಬೆಳಿಗ್ಗೆ ನೀರು ಕುದಿಸಿ, ಆರಿಸಿ, ಅವಳ ಬಾಟಲಿಗೆ ತುಂಬಿ ಕೋಣೆಯ ಹೊಸ್ತಿಲ ಹೊರಗೆ ಇಟ್ಟು ಬರುತ್ತೇನೆ. ನಾನು ಅಡುಗೆಮನೆ ಸೇರಿದ ಮೇಲೆ ಅವಳು ಬಾಗಿಲು ತೆಗೆಯುತ್ತಾಳೆ.