ಎಕ್ಸ್‌ಟರ್ನಲ್‌ಗೆ ಬಿಸಿಬೇಳೆಬಾತ್

ಮದುವೆಯಾಗಿ ಇಷ್ಟು ವರ್ಷದಲ್ಲಿ ನೀರು ಕಾಯಿಸುವುದಕ್ಕೂ ಅಡುಗೆಮನೆಗೆ ಕಾಲಿಡದ ನಮ್ಮ ಯಜಮಾನರು ಕಳೆದ ಶುಕ್ರವಾರ ಬೆಳ್ಳಂಬೆಳಗ್ಗೆ ಹುಣಸೆಹಣ್ಣು ಕಿವುಚುತ್ತಾ ನಿಂತಿದ್ದರು. (ಔಷಧ ಫ್ಯಾಕ್ಟರಿಯ ಮ್ಯಾನೇಜರ್ ಕೆಲಸ ಹೋಯಿತೇ?)

"ಏನ್ರೀ ಇದು?"

"ಇವತ್ತು ನಿನ್ನ ಎಕ್ಸ್‌ಟರ್ನಲ್ ಬರ್ತಾರಲ್ಲ, ಖಾಲಿ ಕೈಲಿ ಹೋಗೋಕಾಗತ್ತಾ? ಬಿಸಿಬೇಳೆಬಾತ್ ಮಾಡ್ತಿದೀನಿ. ಸುಮ್ನೆ ಕೂತ್ಕೋ."

ನಿಮಗೆ ಗೊತ್ತೇ ಇದೆ, ಮದುವೆಗೆಂದು ಅರ್ಧಕ್ಕೆ ಬಿಟ್ಟ ಡಿಗ್ರಿಯನ್ನು ಈ ವಯಸ್ಸಿನಲ್ಲಿ ನೈರೋಬಿಯಲ್ಲಿ ಮುಗಿಸಲು ಹೊರಟವಳು ನಾನು. ಪಾಠ ಇಲ್ಲೇ ಒಂದು ಕಾಲೇಜಿನಲ್ಲಿ, ಸಂಜೆ ಹೊತ್ತು. ಡಿಗ್ರಿ ಕೊಡುವುದು ಇಂಗ್ಲೆಂಡಿನ ಯೂನಿವರ್ಸಿಟಿ. ಅದೇನು ರಾಜರ ಕಾಲದ್ದಲ್ಲ. ಮೊದಲು ಗಿರಣಿ ಕೆಲಸಗಾರರ ಸಂಜೆ ಶಾಲೆ, ಆಮೇಲೆ ಪಾಲಿಟೆಕ್ನಿಕ್. ಯೂನಿವರ್ಸಿಟಿ ಎಂಬ ಬೋರ್ಡು ಬಿದ್ದದ್ದು ಮೊನ್ನೆ ಮೊನ್ನೆ, ತೊಂಬತ್ತರ ದಶಕದಲ್ಲಿ. "ಪಾಲಿಟೆಕ್ನಿಕ್ಕಾ?" ಎಂದು ಇಲ್ಲಿನ ಹೈರಿಡ್ಜ್ ಬಡಾವಣೆಯ ಗೆಳತಿಯರು ಮೂಗು ಮುರಿದರು. ನನಗೋ ಅದೇ ಇಷ್ಟ. ಮಗ್ಗದ ಮುಂದೆ ದಣಿದು ಬಂದವರಿಗೆ ಬಾಗಿಲು ತೆರೆದ ಶಾಲೆ, ಕುಕ್ಕರ್ ಇಳಿಸಿ ಮಟಾಟು ವ್ಯಾನ್ ಹಿಡಿದು ಓಡಿ ಬರುವವಳನ್ನು ಬೇಡ ಎನ್ನುತ್ತದೆಯೇ?

ಆದರೆ ನನ್ನ ಪ್ರಾಜೆಕ್ಟ್ ಸಿಕ್ಕಿಹಾಕಿಕೊಂಡಿತ್ತು. ಅವರ ಪದ್ಧತಿಯಂತೆ ಇಬ್ಬರು ಮೇಷ್ಟ್ರು ಬೇರೆ ಬೇರೆಯಾಗಿ ತಿದ್ದಿದರು. ಒಬ್ಬರು ಪಾಸ್ ಎಂದರು, ಇನ್ನೊಬ್ಬರು ಫೇಲ್. ಇನ್ನು ಬೇರೊಂದು ಯೂನಿವರ್ಸಿಟಿಯ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬಂದು ಓದಿ ಹೇಳಬೇಕು. ವಾರವಿಡೀ ನನಗೆ ಅನ್ನ ಸೇರಲಿಲ್ಲ. "ಅಮ್ಮಾ, ಚಿಲ್! ಯು ಕ್ಯಾನ್ ರೀರೈಟ್ ಇಟ್" ಎಂದಳು ಮಗಳು. ಡಿಗ್ರಿ ಎರಡನೇ ಸಲವೂ ಅರ್ಧಕ್ಕೆ ನಿಂತರೆ ಎಂಬ ಸಂಕಟ ಅವಳಿಗೇನು ಗೊತ್ತು?

ಇವರಿಗೆ ಗೊತ್ತಿತ್ತು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಪ್ರಾಕ್ಟಿಕಲ್ ದಿನ ಎಕ್ಸ್‌ಟರ್ನಲ್‌ಗೆ ಮಸಾಲೆದೋಸೆ, ಕೇಸರಿಬಾತ್ ತರಿಸಿಕೊಟ್ಟು ಪಾಸಾದವರು. (ನಿಮ್ಮ ಕಾಲೇಜಿನಲ್ಲಿ ನಡೆದಿಲ್ಲವೇ? ಸುಳ್ಳು ಹೇಳಬೇಡಿ.)

ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದೆವು. ಕಾಲೇಜ್ ಆಫೀಸಿನ ವಾಂಜಿರು ಮೇಡಂ ವಿಷಯ ಕೇಳಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ಪೋಲೆ ಸಾನಾ, ಸಾರಿ! ಅವರು ಒಂದು ಬಿಸ್ಕತ್ತೂ ಮುಟ್ಟುವ ಹಾಗಿಲ್ಲ. ಅವರು ಪರೀಕ್ಷೆ ಮಾಡಲು ಬಂದಿರುವುದು ನಿಮ್ಮ ಹೆಂಡತಿಯನ್ನಲ್ಲ, ನಮ್ಮ ಮೇಷ್ಟ್ರುಗಳನ್ನು. ಮಾರ್ಕ್ಸ್ ನ್ಯಾಯವಾಗಿ ಹಾಕಿದ್ದಾರೋ ಇಲ್ಲವೋ ಅಂತ" ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

"ಹಂಗಾದ್ರೆ ಮೇಷ್ಟ್ರುಗಳಿಗೇ ಕೊಟ್ಬಿಡೋಣ್ವಾ?" ಎಂದರು ಇವರು ನನ್ನ ಕಿವಿಯಲ್ಲಿ. ಮೊಣಕೈಯಿಂದ ತಿವಿದೆ.

ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ನಡುವೆ ಡಬ್ಬಿ. ಫ್ಯಾಕ್ಟರಿಗೆ ರಜೆ ಹಾಕಿದ್ದರಂತೆ, ನನಗೆ ಹೇಳಿಯೇ ಇರಲಿಲ್ಲ. ಮಧ್ಯಾಹ್ನ ಎಕ್ಸ್‌ಟರ್ನಲ್ ಜೊತೆಗಿನ ಮೀಟಿಂಗ್ ಮುಗಿದು ವಾಂಜಿರು ಮೇಡಂ ಹೊರಬಂದವರೇ ನನ್ನನ್ನು ತಬ್ಬಿಕೊಂಡರು. ಪಾಸ್!

ಇವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

"ಅಯ್ಯೋ, ಅಳ್ತಿದೀರೇನ್ರೀ?"

"ಬೆಳಿಗ್ಗೆ ಈರುಳ್ಳಿ ಹೆಚ್ಚಿದ್ನಲ್ಲ, ಅದು."

ಆ ಕ್ಷಣ ಈ ಮನುಷ್ಯನ ಮೇಲೆ ಉಕ್ಕಿದಷ್ಟು ಪ್ರೀತಿ ಮದುವೆ ಮಂಟಪದಲ್ಲೂ ಉಕ್ಕಿರಲಿಲ್ಲ. ಅಲ್ಲೇ ಡಬ್ಬಿ ಬಿಚ್ಚಿದೆವು. ವಾಂಜಿರು ಮೇಡಂ ಒಂದು ಚಮಚ ಬಾಯಿಗಿಟ್ಟು ನೀರಿಗಾಗಿ ಓಡಿದರು. ಬೇಳೆ ಬೆಂದಿರಲಿಲ್ಲ, ಉಪ್ಪು ಕೈಮೀರಿತ್ತು, ಖಾರವಂತೂ ಕೇಳಬೇಡಿ.

ನೂರಕ್ಕೆ ನೂರು ಕೊಟ್ಟಿದ್ದೇನೆ. ಯಾವ ಎಕ್ಸ್‌ಟರ್ನಲ್ ಬಂದು ತಿದ್ದುತ್ತಾನೋ ನೋಡಿಯೇ ಬಿಡುತ್ತೇನೆ!