ಸೋತವರ ಲಾಯರಮ್ಮ

ಚಾಮರಾಜನಗರದ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಪ್ಸರ್ ಪಾಷಾ ಅವರನ್ನು ಏನು ಬೇಕಾದರೂ ಕೇಳಿ, ಮಗಳ ಬಗ್ಗೆ ಮಾತ್ರ ಕೇಳಬೇಡಿ. ಕೇಳಿದಿರೋ, ನಿಮ್ಮ ಬಸ್ಸು ತಪ್ಪಿತು ಅಂತಲೇ ತಿಳಿಯಿರಿ. ದಿಂಬಿಗೆ ಹತ್ತಿ ತುಂಬುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. "ನಮ್ಮ ಅಫ್ರೀನ್ ಇದ್ದಾಳಲ್ಲ" ಎಂದು ಶುರುವಾದ ಮಾತು ಟೀ ಬಂದು ಲೋಟ ಖಾಲಿಯಾದರೂ ಮುಗಿಯುವುದಿಲ್ಲ. ಹೊಗಳಿಕೊಳ್ಳಲಿ ಬಿಡಿ. ಅಂಥ ಮಗಳಿದ್ದರೆ ನಾವೂ ನೀವೂ ಸುಮ್ಮನಿರುತ್ತಿದ್ದೆವೇ?

ಅಫ್ರೀನ್ ವಕೀಲೆ. ಅದರಲ್ಲೂ ಅಪೀಲು ನಡೆಸುವ ವಕೀಲೆ. ಕೆಳಗಿನ ಕೋರ್ಟಿನಲ್ಲಿ ಸೋತು ಮೇಲಿನ ಕೋರ್ಟಿಗೆ ಹೋಗುತ್ತಾರಲ್ಲ, ಅವರ ಕಡೆಯವಳು. ಮೈಸೂರಿನಲ್ಲಿ ಓದಿ ಬಂದ ಹೊಸದರಲ್ಲಿ, ಯಾರೂ ಮುಟ್ಟದ ಹಳೇ ಅಪೀಲುಗಳ ಕಟ್ಟುಗಳನ್ನೆಲ್ಲ ಸೀನಿಯರ್ ಬಸವಪ್ರಸಾದ್ ಇವಳ ಮೇಜಿಗೆ ಸಾಗಹಾಕಿದ್ದರು. ಅಲ್ಲಿ ಸಾಕ್ಷಿ ಕರೆಸುವಂತಿಲ್ಲ, ಪಾಟೀಸವಾಲಿಲ್ಲ. ಕೆಳಗೆ ಯಾರು ಏನು ಹೇಳಿದ್ದರೋ ಅದನ್ನೇ ಓದಿ ಓದಿ ವಾದ ಕಟ್ಟಬೇಕು. ಉಳಿದವರಿಗೆ ಬೇಸರ ತರುತ್ತಿದ್ದ ಆ ಕೆಲಸವೇ ಇವಳಿಗೆ ಹಿಡಿಸಿಬಿಟ್ಟಿತು. ಈಗ ಆ ಸೀನಿಯರ್ರೇ ಇವಳಿಗೆ ತೋರಿಸದೆ ಒಂದು ಅಪೀಲನ್ನೂ ಹಾಕುವುದಿಲ್ಲ.

ಭಾನುವಾರ ಬಂತೆಂದರೆ ಗುಂಡ್ಲುಪೇಟೆಯ ಬಸ್ಸು ಹತ್ತುತ್ತಾಳೆ. ಅಲ್ಲೊಂದು ಶಾಲೆಯ ಜಗಲಿಯಲ್ಲಿ ಕೂತು, ಸೋತವರಿಗೆ ಅವರದೇ ತೀರ್ಪನ್ನು ತಿಳಿಯುವ ಕನ್ನಡದಲ್ಲಿ ಬಿಡಿಸಿ ಹೇಳುತ್ತಾಳೆ. ಫೀಸಿಲ್ಲ. "ನೀವು ಸೋತಿದ್ದು ಸರಿಯಾಗೇ ಇದೆ, ಇಲ್ಲಿಗೆ ಬಿಟ್ಟುಬಿಡಿ" ಎಂದು ಎಷ್ಟೋ ಮಂದಿಗೆ ಮುಖಕ್ಕೆ ಹೇಳಿ ಕಳಿಸುತ್ತಾಳೆ. ಕೆಲವು ವಕೀಲರಿಗೆ ಇವಳನ್ನು ಕಂಡರೆ ಯಾಕೆ ಹೊಟ್ಟೆಯುರಿ ಅಂತ ಬೇರೆ ಹೇಳಬೇಕೆ?

ಒಂದು ಭಾನುವಾರ ಆ ಜಗಲಿಗೆ ತೆರಕಣಾಂಬಿಯ ಚಿಕ್ಕನಿಂಗಮ್ಮ ಬಂದಳು. ಕೂಲಿನಾಲಿ ಮಾಡಿ ಒಂದು ತುಂಡು ಹೊಲ ಉಳಿಸಿಕೊಂಡವಳು. ಆ ಹೊಲಕ್ಕೆ ಪಕ್ಕದ ಜಮೀನಿನೊಳಗೇ ದಾರಿ, ಅದಕ್ಕೆ ಈಗ ಬೇಲಿ. ಕೇಸು ಹಾಕಿ ಸೋತಿದ್ದಳು. ತೀರ್ಪು ಓದುತ್ತಾ ಹೋದ ಅಫ್ರೀನ್ ಬೇಲಿ ಹಾಕಿದವರ ಹೆಸರನ್ನು ಎರಡು ಸಲ ಓದಿದಳು. ಮೂಗಯ್ಯ.

ಮೂಗಯ್ಯ ಎಂದರೆ ಅವಳ ತಂದೆಯ ಜೀವದ ಗೆಳೆಯ. ತನ್ನ ಬದುವಿನ ಬೂರುಗದ ಹತ್ತಿಯನ್ನು ಬೇರೆ ಯಾರಿಗೂ ಕೊಡದೆ ಪ್ರತಿ ಬೇಸಿಗೆ ಪಾಷಾ ಅವರ ಅಂಗಡಿಗೇ ತಂದು ಸುರಿಯುವ ಮನುಷ್ಯ. ಆ ದಾರಿಯಲ್ಲಿ ಟ್ರ್ಯಾಕ್ಟರ್ ಓಡಾಡಿ ತಮ್ಮ ಬೆಳೆ ಹಾಳಾಗುತ್ತದೆಂದು ಮಗನ ಮಾತು ಕೇಳಿ ಬೇಲಿ ಹಾಕಿದ್ದರು.

ಅಂದು ಊಟಕ್ಕೆ ಕೂತಾಗ ಅಫ್ರೀನ್ ಎಲ್ಲವನ್ನೂ ಹೇಳಿದಳು.

"ನಾನು ಬೇಡ ಅಂದ್ರೆ ಬಿಡ್ತೀಯಾ ಬೇಟಿ?" ಎಂದರು ಪಾಷಾ.

"ಬಿಡ್ತೀನಿ ಅಬ್ಬಾ. ಆದ್ರೆ ಯಾಕೆ ಬಿಟ್ಟೆ ಅಂತ ಆ ಅಮ್ಮನಿಗೆ ನೀವೇ ಹೇಳ್ಬೇಕು."

ಏನಂತ ಹೇಳುವುದು? ಪಾಷಾ ತಟ್ಟೆ ಪಕ್ಕಕ್ಕೆ ಸರಿಸಿ, "ನಡೆಸು" ಎಂದರು. ಗೆಳೆತನ ಇಲ್ಲಿಗೆ ಮುಗಿಯಿತು ಅಂತಲೇ ಅವರಿಗೆ ಅನ್ನಿಸಿತ್ತು.

ವಾದದ ದಿನ ಅಂಗಡಿ ಮುಚ್ಚಿ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರು. ಮುಂದೆ ಮೂಗಯ್ಯ ಕೂತಿದ್ದರು, ತಿರುಗಿಯೂ ನೋಡಲಿಲ್ಲ. ಮಗಳು ಎದ್ದು ನಿಂತಾಗ ಪಾಷಾ ಬೆಂಚಿನ ತುದಿಗೆ ಸರಿದರು. ಕಪ್ಪು ಕೋಟಿನವರು ಎದುರು ಕಡೆಯವರನ್ನು ಸುಳ್ಳುಗಾರ, ಮೋಸಗಾರ ಅನ್ನುವುದನ್ನು ಅವರು ಕೇಳಿ ಬಲ್ಲರು. ಇವಳೂ ಅಂದರೆ?

"ಎದುರು ಕಕ್ಷಿದಾರರು ಸತ್ಯವಂತರು ಸ್ವಾಮಿ," ಎಂದಳು ಅಫ್ರೀನ್. "ಆ ಹೊಲವನ್ನು ಚಿಕ್ಕನಿಂಗಮ್ಮನ ಮನೆಯವರಿಗೆ ಮಾರಿದ್ದು ತಮ್ಮ ತಂದೆಯೇ, ಅದಕ್ಕೆ ಬೇರೆ ದಾರಿ ಇಲ್ಲ ಎಂದು ಕೆಳಗಿನ ಕೋರ್ಟಿನಲ್ಲಿ ಅವರೇ ಹೇಳಿದ್ದಾರೆ. ತಮಗೆ ನಷ್ಟ ಎಂದು ಗೊತ್ತಿದ್ದೂ ಹೇಳಿದ್ದಾರೆ. ಹಾಗೆ ಮಾರಿದವರು ದಾರಿಯನ್ನೂ ಬಿಡಬೇಕು ಎನ್ನುತ್ತದೆ ಕಾನೂನು. ಆದರೆ ಆ ಮಾತನ್ನು ಅಲ್ಲಿ ಯಾರೂ ಗಮನಿಸಲಿಲ್ಲ. ನಾನು ಕೇಳುವುದು ಇಷ್ಟೇ. ಅವರ ಮಾತನ್ನು ನಂಬಬೇಕು."

ಪಾಷಾ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡರು. ಇವಳು ನನ್ನ ಮಗಳು ಎಂದು ಕೋರ್ಟಿನಲ್ಲೇ ಕೂಗಿಬಿಡಬೇಕು ಅನ್ನಿಸಿತು. ಮೂಗಯ್ಯ ಮಾತ್ರ ತಲೆ ತಗ್ಗಿಸಿಕೊಂಡು ಹೊರಟುಹೋದರು.

ತೀರ್ಪು ಬಂತು. ದಾರಿ ಬಿಡಬೇಕೆಂದಾಯಿತು, ಚಿಕ್ಕನಿಂಗಮ್ಮ ಗೆದ್ದಳು. ಆ ಬೇಸಿಗೆ ಬೂರುಗದ ಹತ್ತಿ ಬರಲಿಲ್ಲ. ಪಾಷಾ ಯಾರಲ್ಲೂ ಹೇಳಿಕೊಳ್ಳಲಿಲ್ಲ, ಆದರೆ ತೆರಕಣಾಂಬಿ ಕಡೆಯ ಬಸ್ಸು ಬಂದಾಗಲೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮೂಗಯ್ಯ ಅಂಗಡಿಯ ಮುಂದೆ ಬಂದು ನಿಂತರು. ಜೊತೆಗೆ ಬಿಳಿ ಚೂಡಿದಾರದ ಒಬ್ಬ ಹುಡುಗಿ.

"ಏನ್ಲಾ ಪಾಷಾ, ಕೂತ್ಕ ಅನ್ನಲ್ವಾ?"

ಪಾಷಾ ಗಡಬಡಿಸಿ ಹೊಸ ಹಾಸಿಗೆಯನ್ನೇ ಎಳೆದು ಹಾಸಿದರು. "ಹೈಕೋರ್ಟ್‌ಗೆ ಓಗಲ್ವಾ?" ಎಂದು ಕೇಳಿಬಿಟ್ಟರು.

"ಓಗಿ ಏನಂತ ಯೋಳನ? ನಾನು ಯೋಳಿದ್ದು ಸುಳ್ಳು ಅಂತ್ಲಾ? ಬುಡು ಅತ್ಲಾಗಿ." ಮೂಗಯ್ಯ ಹುಡುಗಿಯ ಕಡೆ ತಿರುಗಿದರು. "ಇವಳು ನಾಗಮಣಿ, ನನ್ ಮಗನ್ ಮಗಳು. ಲಾ ಮುಗಿಸವ್ಳೆ. ನಿನ್ ಮಗಳ ಕೈಕೆಳಗೆ ಸೇರ್ಸ್ಕಳಕ್ಕೆ ಯೋಳು."

"ಮೈಸೂರಲ್ಲಿ ದೊಡ್ಡ ದೊಡ್ಡ ಲಾಯರ್‌ಗಳು ಅವ್ರಲ್ಲಾ ಮೂಗಯ್ಯ?"

"ಇದ್ರೆ ಇರ್ಲಿ. ಅವ್ರ್ಯಾರೂ ನನ್ನ ಮರ್ವಾದೆ ಉಳ್ಸಿ ಸೋಲಿಸಿಲ್ಲ ಕಣ್ಲಾ."